ಅರಸೀಕೆರೆಯಿಂದ ಅರಬ್ಬಿಗೆ

ಚೈತ್ರದ ಬಿಸಿಲು ನೆತ್ತಿಗೆ ಬರುತ್ತಿದೆ. ಬೇಲೂರಿನ ಚೆನ್ನಕೇಶವನ ತೇರಿಗೆ ಹಗ್ಗ ಬಿಗಿದಾಗಿದೆ. ಬಾಳೆಹಣ್ಣು, ದವನ ಹಿಡಿದ ಕೈಗಳು ಕಾಯುತ್ತಿವೆ, ಮಕ್ಕಳು ಅಪ್ಪಂದಿರ ಹೆಗಲೇರಿದ್ದಾರೆ. ಅಷ್ಟರಲ್ಲಿ ಖಾಜಿ ಮನೆತನದ ಹಿರಿಯರೊಬ್ಬರು ನಿಂತು ಕುರಾನಿನ ಕೆಲವು ವಚನಗಳನ್ನು ಪಠಿಸುತ್ತಾರೆ. ಹೊಯ್ಸಳರು 1117ರಲ್ಲಿ ಪ್ರತಿಷ್ಠಾಪಿಸಿದ ದೇವರ ಉತ್ಸವದಲ್ಲಿ ಕೆಲವು ನಿಮಿಷ ಅರಬ್ಬಿ ಭಾಷೆ ಕೇಳಿಸುತ್ತದೆ.

ಈ ಪದ್ಧತಿ ತಲೆಮಾರುಗಳಿಂದ ನಡೆದು ಬಂದಿದೆ. ಬೇಡವೆಂಬ ಒತ್ತಾಯ ಎದ್ದ 2022ರಲ್ಲೂ ಪಠಣ ನಡೆಯಿತು. ಅದು ಎಲ್ಲಿ, ಹೇಗೆ ನಡೆಯಬೇಕು ಎಂಬ ಚರ್ಚೆ ಆಮೇಲೂ ಆಗಿದೆ. ಆ ಚರ್ಚೆಯ ಗದ್ದಲದಲ್ಲಿ ಒಂದು ಸರಳ ಪ್ರಶ್ನೆಯನ್ನು ನಾವು ಕೇಳಿಕೊಂಡಿಲ್ಲ. ಅಲ್ಲಿ ನೆರೆದ ಸಾವಿರಾರು ಜನರಲ್ಲಿ ಆ ಮಾತು ಎಷ್ಟು ಮಂದಿಗೆ ಅರ್ಥವಾಗುತ್ತದೆ?

ಬಹುಪಾಲು ಹಿಂದೂಗಳಿಗೆ ಆಗುವುದಿಲ್ಲ. ಬಹುಪಾಲು ಮುಸ್ಲಿಮರಿಗೂ ಆಗುವುದಿಲ್ಲ. ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿ ಅರಬ್ಬಿಯನ್ನು ದಿನಕ್ಕೆ ಐದು ಸಲ ಕೇಳುತ್ತೇವೆ. ಆದರೂ ಅದನ್ನು ಬಲ್ಲವರು ಬೆರಳೆಣಿಕೆಯ ಮಂದಿ. ಹಾಗೆ ಬಲ್ಲವರಾಗಲೆಂದೇ ಕೆಲವು ವಿದ್ಯಾರ್ಥಿಗಳು ಮದೀನಾ, ಕೈರೋ, ದೋಹಾ ಎಂದು ಹೊರಡುತ್ತಾರೆ. ಅವರು ಅಲ್ಲಿ ಕಲಿಯುವುದೇನು? ಅದರಿಂದ ನಮಗೆ ಬರುವುದೇನು?

ಓದಲು ಬರುತ್ತದೆ, ಅರ್ಥ ಬರುವುದಿಲ್ಲ

ನಮ್ಮ ಊರುಗಳ ಮುಸ್ಲಿಂ ಮನೆಗಳ ಮಕ್ಕಳು ಐದಾರು ವರ್ಷಕ್ಕೇ ಮಸೀದಿಯ ಮದರಸಾಕ್ಕೆ ಹೋಗುತ್ತಾರೆ. ಶಾಲೆಗೆ ಹೋಗುವ ಮೊದಲು ಬೆಳಗ್ಗೆ ಒಂದು ಗಂಟೆ, ಇಲ್ಲವೇ ಸಂಜೆ ಒಂದು ಗಂಟೆ. ಕೈಯಲ್ಲಿ ತೆಳ್ಳಗಿನ ‘ಖಾಯಿದಾ’. ಅಲಿಫ್, ಬೇ, ತೇ ಎಂದು ಹಜರತ್ತರು ಹೇಳಿಕೊಟ್ಟದ್ದನ್ನು ಮಕ್ಕಳು ರಾಗವಾಗಿ ಒಪ್ಪಿಸುತ್ತಾರೆ. ಕೆಲವು ವರ್ಷಗಳಲ್ಲಿ ಇಡೀ ಕುರಾನ್ ಓದಿ ಮುಗಿಸುತ್ತಾರೆ. ಮನೆಯಲ್ಲಿ ಸಿಹಿ ಹಂಚುತ್ತಾರೆ.

ಆದರೆ ಆ ಮಗು ಕಲಿತದ್ದು ಅರಬ್ಬಿ ಲಿಪಿ ಮತ್ತು ಉಚ್ಚಾರ. ಭಾಷೆ ಕಲಿಯುವುದು ಇನ್ನೂ ಬಾಕಿ. ಸಂಸ್ಕೃತದ ಮಂತ್ರ ತಪ್ಪಿಲ್ಲದೆ ಹೇಳಬಲ್ಲ, ಆದರೆ ಸಂಸ್ಕೃತದಲ್ಲಿ ಒಂದು ಲೋಟ ನೀರು ಕೇಳಲಾರದ ಹುಡುಗನ ಸ್ಥಿತಿಯೂ ಇದೇ.

ಲಿಪಿಯಲ್ಲೂ ಒಂದು ತೊಡಕಿದೆ. ಕನ್ನಡದಲ್ಲಿ ಕ, ಕಾ, ಕಿ, ಕೀ ಎಂದು ಗುಣಿತ ಇಲ್ಲದೆ ಬರವಣಿಗೆಯೇ ಇಲ್ಲ. ಅರಬ್ಬಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಕುರಾನಿನಲ್ಲಿ ಮಾತ್ರ ತಪ್ಪು ಓದಬಾರದೆಂದು ಅಕ್ಷರದ ಮೇಲೆ ಕೆಳಗೆ ಗುರುತು ಹಾಕಿರುತ್ತಾರೆ. ಅವೇ ನಮ್ಮ ಮದರಸಾಗಳ ಮಕ್ಕಳಿಗೆ ಬಾಯಿಪಾಠವಾಗಿರುವ ಜಬರ್, ಜೇರ್, ಪೇಶ್. ಕೈರೋದ ಅಂಗಡಿಯ ಬೋರ್ಡಿನಲ್ಲಿ, ಅಲ್ಲಿನ ದಿನಪತ್ರಿಕೆಯಲ್ಲಿ ಈ ಗುರುತುಗಳಿರುವುದಿಲ್ಲ. ಹತ್ತು ವರ್ಷ ಕುರಾನ್ ಓದಿದ ಹುಡುಗನೂ ಬಸ್ಸಿನ ಬೋರ್ಡಿನ ಮುಂದೆ ತಬ್ಬಿಬ್ಬಾಗುತ್ತಾನೆ. ಪದ ಗೊತ್ತಿದ್ದರೆ ಮಾತ್ರ ಓದಲು ಬರುತ್ತದೆ. ಗೊತ್ತಿಲ್ಲದ ಪದವನ್ನು ಓದುವುದೇ ಕಷ್ಟ.

ಹೋಗುವುದು ಎಲ್ಲಿಗೆ?

ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿಗಳಲ್ಲಿ ಅರೇಬಿಕ್ ಅನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು. ಮುಂದೆ ಓದಬೇಕೆಂದರೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಮತ್ತು ಇಂಗ್ಲಿಷ್ ಹಾಗೂ ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ದೆಹಲಿಯ ಜೆಎನ್‌ಯು, ಕೇರಳದ ಕಲ್ಲಿಕೋಟೆ ವಿಶ್ವವಿದ್ಯಾಲಯಗಳಿವೆ. ಧಾರ್ಮಿಕ ಶಿಕ್ಷಣದ ದಾರಿ ಹಿಡಿದವರು ಭಟ್ಕಳದ ಜಾಮಿಯಾ ಇಸ್ಲಾಮಿಯಾ, ಲಖನೌದ ನದ್ವಾ, ದೇವಬಂದ್‌ಗಳಿಗೆ ಹೋಗುತ್ತಾರೆ. ಅಲ್ಲಿಂದಾಚೆಗೆ ವಿದೇಶ.

ವಿದೇಶವೆಂದರೆ ಮೊದಲು ನೆನಪಾಗುವುದು ಕೈರೋದ ಅಲ್ ಅಝರ್. 970ರಲ್ಲಿ ಮಸೀದಿಯಾಗಿ ಕಟ್ಟತೊಡಗಿದ ಈ ಸಂಸ್ಥೆಗೆ ಸಾವಿರ ವರ್ಷ ದಾಟಿದೆ. ಕನ್ನಡದಲ್ಲಿ ಪಂಪ ಬರೆದು ಮುಗಿಸಿ, ರನ್ನನ ಕಾವ್ಯ ಇನ್ನೂ ಬಾರದಿದ್ದ ಕಾಲ ಅದು. 1961ರಲ್ಲಿ ಅಲ್ಲಿ ವೈದ್ಯಕೀಯ, ಎಂಜಿನಿಯರಿಂಗ್‌ನಂಥ ವಿಭಾಗಗಳೂ ಸೇರಿ ಅದು ಆಧುನಿಕ ವಿಶ್ವವಿದ್ಯಾಲಯದ ರೂಪ ಪಡೆಯಿತು. ಅದೇ 1961ರಲ್ಲಿ ಸೌದಿ ಅರೇಬಿಯಾ ಮದೀನಾದಲ್ಲಿ ಇಸ್ಲಾಮಿಕ್ ವಿಶ್ವವಿದ್ಯಾಲಯವನ್ನು ತೆರೆಯಿತು. ಆಯ್ಕೆಯಾದವರಿಗೆ ಶಿಕ್ಷಣ, ವಸತಿ ಉಚಿತ. ತಿಂಗಳಿಗೆ ವಿದ್ಯಾರ್ಥಿವೇತನವೂ ಇದೆ. ಅರಬ್ಬಿ ಬಾರದವರಿಗೆ ಮೊದಲು ಭಾಷಾ ಸಂಸ್ಥೆಯಲ್ಲಿ ಅರಬ್ಬಿ ಕಲಿಸಿ, ಆಮೇಲೆ ಪದವಿ ತರಗತಿಗೆ ಸೇರಿಸಿಕೊಳ್ಳುತ್ತಾರೆ.

ಇವೆರಡೂ ಮುಸ್ಲಿಂ ವಿದ್ಯಾರ್ಥಿಗಳಿಗಾಗಿ ಇರುವ ಸಂಸ್ಥೆಗಳು. ಆದರೆ ಭಾಷೆಯನ್ನು ಭಾಷೆಯಾಗಿ ಕಲಿಯುವವರಿಗೆ ಧರ್ಮ ಕೇಳದ ಬಾಗಿಲುಗಳು ಬೇಕಾದಷ್ಟಿವೆ. 1964ರಿಂದ ನಡೆಯುತ್ತಿರುವ ಟ್ಯುನಿಸ್‌ನ ಬೂರ್ಗಿಬಾ ಭಾಷಾ ಸಂಸ್ಥೆ, ಅಮ್ಮಾನಿನ ಜೋರ್ಡಾನ್ ವಿಶ್ವವಿದ್ಯಾಲಯ, ಹೊರಗಿನವರಿಗಾಗಿಯೇ ಅರಬ್ಬಿ ಕೇಂದ್ರವಿಟ್ಟಿರುವ ಕತಾರ್ ವಿಶ್ವವಿದ್ಯಾಲಯ, ಒಮಾನಿನ ಮನಹ್ ಊರಿನಲ್ಲಿರುವ ಸುಲ್ತಾನ್ ಕಾಬೂಸ್ ಕಾಲೇಜು ಅವುಗಳಲ್ಲಿ ಕೆಲವು. ಹೆಣ್ಣುಮಕ್ಕಳಿಗೆ ರಿಯಾದಿನ ಪ್ರಿನ್ಸೆಸ್ ನೂರಾ ವಿಶ್ವವಿದ್ಯಾಲಯದಲ್ಲಿ ಅರಬ್ಬಿ ಕಲಿಸುವ ಸಂಸ್ಥೆ ಇದೆ. ಅಲ್ ಅಝರ್‌ನಲ್ಲೂ ಅವರಿಗೆ ಬೇರೆ ಕಾಲೇಜುಗಳಿವೆ.

ಒಂದು ಕಾಲಕ್ಕೆ ಡಮಾಸ್ಕಸ್ ಅರಬ್ಬಿ ಕಲಿಯುವವರ ಮೆಚ್ಚಿನ ಊರಾಗಿತ್ತು. 2011ರಲ್ಲಿ ಸಿರಿಯಾದಲ್ಲಿ ಯುದ್ಧ ಶುರುವಾದ ಮೇಲೆ ಆ ದಾರಿ ಮುಚ್ಚಿತು. ಯೆಮನ್‌ನ ಸನಾ ನಗರದ ಕಥೆಯೂ ಹಾಗೆಯೇ ಆಯಿತು. ಪರಊರಿನ ಓದು ಆ ಊರಿನ ನೆಮ್ಮದಿಯನ್ನೂ ಅವಲಂಬಿಸಿರುತ್ತದೆ.

ವಾಣಿಯಂಬಾಡಿಯ ಮೇಷ್ಟ್ರು

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲು ಜೋಲಾರಪೇಟೆ ದಾಟಿದ ಮೇಲೆ ವಾಣಿಯಂಬಾಡಿ ಎಂಬ ಊರು ಬರುತ್ತದೆ. ಅಲ್ಲಿ 1933ರಲ್ಲಿ ಹುಟ್ಟಿದ ವಿ. ಅಬ್ದುರ್ ರಹೀಂ ಮೊದಲು ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಆಮೇಲೆ ಅಲ್ ಅಝರ್‌ನಲ್ಲಿ ಓದಿ, 1969ರಲ್ಲಿ ಮದೀನಾ ವಿಶ್ವವಿದ್ಯಾಲಯ ಸೇರಿ ಅರಬ್ಬಿ ಕಲಿಸತೊಡಗಿದರು.

ಬೇರೆ ಬೇರೆ ದೇಶಗಳಿಂದ ಬಂದು, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಕುಳಿತ ತರಗತಿಗೆ ಪಾಠ ಹೇಳುವುದು ಹೇಗೆ? ಅದಕ್ಕಾಗಿ ಅವರು ಬರೆದ ಮೂರು ಭಾಗಗಳ ಪುಸ್ತಕವನ್ನು ಇಂದು ಲೋಕವೆಲ್ಲ ‘ಮದೀನಾ ಪುಸ್ತಕ’ ಎನ್ನುತ್ತದೆ. ಅದರಲ್ಲಿ ಮೊದಲು ಬರುವುದು ಇದು, ಅದು, ಮನೆ, ಬಾಗಿಲು, ಪುಸ್ತಕ. ವ್ಯಾಕರಣದ ಹೆಸರು ಹೇಳಿ ಹೆದರಿಸದೆ ಸಣ್ಣ ಸಣ್ಣ ವಾಕ್ಯಗಳಲ್ಲಿ ನಿಯಮವನ್ನು ಬಚ್ಚಿಟ್ಟು ಕಲಿಸುವ ಕ್ರಮ ಅದು. 2023ರಲ್ಲಿ ಅವರು ತೀರಿಕೊಂಡಾಗ ಹಲವು ಖಂಡಗಳ ಶಿಷ್ಯರು ಕಂಬನಿ ಮಿಡಿದರು. ಅರಬ್ಬಿ ತನ್ನ ಮನೆಮಾತಲ್ಲದ ಒಬ್ಬ ದಕ್ಷಿಣ ಭಾರತೀಯ ಆ ಭಾಷೆಯ ಹೊಸ್ತಿಲಲ್ಲಿ ನಿಂತು ಲೋಕದ ಮಕ್ಕಳ ಕೈ ಹಿಡಿದದ್ದು ನಾವು ಹೆಮ್ಮೆಪಡಬೇಕಾದ ಸಂಗತಿ. ನಮ್ಮ ಪತ್ರಿಕೆಗಳಲ್ಲಿ ಅವರ ಹೆಸರು ಕಂಡದ್ದು ತೀರ ಕಡಿಮೆ.

ಮೂರು ಅಕ್ಷರದ ಬೇರು

ಅರಬ್ಬಿಯ ಬಹುಪಾಲು ಪದಗಳ ಬುಡದಲ್ಲಿ ಮೂರು ವ್ಯಂಜನಗಳ ಒಂದು ಬೇರು ಇರುತ್ತದೆ. ಕ-ತ-ಬ ಎಂಬ ಬೇರನ್ನು ನೋಡಿ. ಇದರ ಅರ್ಥ ‘ಬರೆಯುವುದು’. ಸ್ವರ ಬದಲಿಸಿ, ಹಿಂದೆ ಮುಂದೆ ಒಂದೆರಡು ಅಕ್ಷರ ಸೇರಿಸುತ್ತಾ ಹೋದರೆ ‘ಕತಬ’ ಎಂದರೆ ಬರೆದನು, ‘ಕಿತಾಬ್’ ಎಂದರೆ ಪುಸ್ತಕ, ‘ಕಾತಿಬ್’ ಎಂದರೆ ಬರೆಯುವವನು, ‘ಮಕ್ತಬ್’ ಎಂದರೆ ಕಚೇರಿ ಅಥವಾ ಮೇಜು, ‘ಮಕ್ತಬಾ’ ಎಂದರೆ ಪುಸ್ತಕಾಲಯ. ಒಂದು ಬೇರು ಹಿಡಿದು ಎಳೆದರೆ ಇಡೀ ಬಳ್ಳಿಯೇ ಬರುತ್ತದೆ. ಇದು ತಿಳಿದ ದಿನ ವಿದ್ಯಾರ್ಥಿಯ ಅರ್ಧ ಭಾರ ಇಳಿಯುತ್ತದೆ.

ಸ್ವರದ ಉದ್ದಕ್ಕೆ ಇಲ್ಲಿ ಬಹಳ ಬೆಲೆ. ಅದು ಕನ್ನಡದವರಿಗೆ ಸಲೀಸು, ಹ್ರಸ್ವ ದೀರ್ಘ ನಮಗೆ ಒಂದನೇ ತರಗತಿಯಲ್ಲೇ ಬಂದಿರುತ್ತದೆ. ‘ಮಲಿಕ್’ ಎಂದರೆ ಅರಸ, ‘ಮಾಲಿಕ್’ ಎಂದರೆ ಒಡೆಯ. ಹಳೇಬೀಡಿನ ಮೇಲೆ 1311ರಲ್ಲಿ ದಂಡೆತ್ತಿ ಬಂದ ಮಲಿಕ್ ಕಾಫೂರನ ಹೆಸರನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ‘ಕಾಫೂರ್’ ಎಂದರೆ ಅರಬ್ಬಿಯಲ್ಲಿ ಕರ್ಪೂರ.

ಕಷ್ಟವೂ ಇದೆ. ಗಂಟಲಿನ ಆಳದಿಂದ ಹೊರಡುವ ‘ಐನ್’, ‘ಹಾ’ ಧ್ವನಿಗಳು ನಮ್ಮಲ್ಲಿಲ್ಲ. ನಮ್ಮ ಪ, ಚ, ಟ, ಣ, ಳಗಳು 28 ಅಕ್ಷರಗಳ ಅರಬ್ಬಿಯಲ್ಲಿಲ್ಲ. ಶಿಷ್ಟ ಅರಬ್ಬಿಯಲ್ಲಿ ಅ, ಇ, ಉ ಮತ್ತು ಅವುಗಳ ದೀರ್ಘಗಳಷ್ಟೇ ಸ್ವರಗಳು, ಏ ಮತ್ತು ಓ ಇಲ್ಲ. ಹಾಗಾಗಿ ಅರಬ್ಬಿ ಅಕ್ಷರದಲ್ಲಿ ಬರೆದಾಗ ಬೇಲೂರು ‘ಬೀಲೂರ್’ ಆಗುತ್ತದೆ, ಪಂಪ ‘ಬಂಬಾ’ ಆಗುತ್ತಾನೆ.

ಪುಸ್ತಕದ ಮಾತು, ಬೀದಿಯ ಮಾತು

ತರಗತಿಯಲ್ಲಿ ಕಲಿಸುವುದು ‘ಫುಸ್‌ಹಾ’ ಎಂಬ ಶಿಷ್ಟ ಅರಬ್ಬಿ. ಕುರಾನ್, ಪತ್ರಿಕೆ, ವಾರ್ತೆ, ವಿಶ್ವಸಂಸ್ಥೆಯ ಭಾಷಣ ಎಲ್ಲವೂ ಅದರಲ್ಲೇ. 22 ದೇಶಗಳ ಅರಬ್ ಲೀಗ್‌ಗೆ ಅದೇ ಸಾಮಾನ್ಯ ಭಾಷೆ. ಆದರೆ ತರಕಾರಿ ಅಂಗಡಿಯಲ್ಲಿ ಯಾರೂ ಅದನ್ನು ಆಡುವುದಿಲ್ಲ. ಅಲ್ಲಿ ನಡೆಯುವುದು ‘ಆಮ್ಮಿಯಾ’, ಅಂದರೆ ಆಡುಮಾತು. ಈಜಿಪ್ಟಿನದು ಒಂದು ಬಗೆ, ಮೊರಾಕ್ಕೊದು ಇನ್ನೊಂದು, ಕೊಲ್ಲಿ ದೇಶಗಳದು ಮತ್ತೊಂದು. ನಮ್ಮಲ್ಲೂ ಪುಸ್ತಕದ ಕನ್ನಡ ಬೇರೆ, ಅರಸೀಕೆರೆ ಸಂತೆಯ ಕನ್ನಡ ಬೇರೆ, ಕಲಬುರಗಿಯದು ಬೇರೆ. ಅರಬ್ಬಿಯಲ್ಲಿ ಈ ಅಂತರ ಇನ್ನೂ ದೊಡ್ಡದು.

ಒಂದೇ ಪದವನ್ನು ಹಿಡಿದು ನೋಡೋಣ. ‘ಕಹ್ವಾ’ ಎಂದು ತರಗತಿಯಲ್ಲಿ ಕಲಿತ ವಿದ್ಯಾರ್ಥಿ ಕೈರೋದ ಬೀದಿಗೆ ಇಳಿದರೆ ಜನ ‘ಅಹ್ವಾ’ ಎನ್ನುತ್ತಾರೆ, ಮೊದಲ ವ್ಯಂಜನವನ್ನು ನುಂಗಿಬಿಡುತ್ತಾರೆ. ಈ ಕಹ್ವಾ ಬೇರೇನೂ ಅಲ್ಲ, ನಮ್ಮ ಕಾಫಿ. ಅರಬ್ಬಿಯಿಂದ ತುರ್ಕಿಗೆ, ಅಲ್ಲಿಂದ ಯುರೋಪಿಗೆ, ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದ ಪದ ಅದು. ಪದ ಹೀಗೆ ಸುತ್ತಿ ಬಳಸಿ ಬಂದರೂ ಬೀಜ ನೇರವಾಗಿಯೇ ಬಂತು. ಮೆಕ್ಕಾ ಯಾತ್ರೆಗೆ ಹೋದ ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬುದು ಪ್ರತೀತಿ. ಬೇಲೂರು ತಾಲ್ಲೂಕಿನ ತೋಟಗಳ ‘ಅರೇಬಿಕಾ’ ಗಿಡದ ಹೆಸರಿನಲ್ಲೇ ಅರಬ್ ನಾಡು ಕುಳಿತಿದೆ.

ತಾಲ್ಲೂಕು ಕಚೇರಿಯ ಅರಬ್ಬಿ

“ತಾಲ್ಲೂಕು ಕಚೇರಿಗೆ ಅರ್ಜಿ ಹಾಕು. ಅಸಲು ದಾಖಲೆ ಇಟ್ಟುಕೊಂಡು ನಕಲು ಕೊಡು. ಬಾಕಿ ಹಣ ಜಮಾ ಮಾಡಿ ತಾರೀಖು ಕೇಳಿಕೊಂಡು ಬಾ.” ಅರಸೀಕೆರೆಯ ಯಾವ ರೈತನಾದರೂ ಮಗನಿಗೆ ಹೇಳಬಹುದಾದ ಮಾತಿದು. ಇದರಲ್ಲಿ ತಾಲ್ಲೂಕು, ಅರ್ಜಿ, ಅಸಲು, ದಾಖಲೆ, ನಕಲು, ಬಾಕಿ, ಜಮಾ, ತಾರೀಖು ಈ ಎಂಟೂ ಅರಬ್ಬಿ ಮೂಲದವು. ವಕೀಲ, ಜಾಮೀನು, ಜಪ್ತಿ, ರದ್ದು, ವಸೂಲಿ, ಹಕ್ಕು, ಖಾಲಿ, ಕುರ್ಚಿ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಬಹಮನಿ, ಆದಿಲ್‌ಶಾಹಿಗಳ ಕಾಲದಿಂದ ಹೈದರ್, ಟಿಪ್ಪುವಿನವರೆಗೆ ಆಡಳಿತ ನಡೆಸಿದ ಪಾರಸಿ ಭಾಷೆಯ ಬೆನ್ನೇರಿ ಇವು ಕನ್ನಡಕ್ಕೆ ಬಂದವು.

ಬರುವ ದಾರಿಯಲ್ಲಿ ಕೆಲವು ಅರ್ಥ ಬದಲಿಸಿಕೊಂಡವು. ‘ಫಸ್ಲ್’ ಎಂದರೆ ಅರಬ್ಬಿಯಲ್ಲಿ ಋತು, ಪುಸ್ತಕದ ಅಧ್ಯಾಯ, ಶಾಲೆಯ ತರಗತಿ. ನಮ್ಮಲ್ಲಿ ಅದು ಗದ್ದೆಯ ಫಸಲು. ‘ಸುಆಲ್’ ಅಲ್ಲಿ ಬರೀ ಪ್ರಶ್ನೆ, ನಮ್ಮಲ್ಲಿ ಸವಾಲು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ‘ಗರೀಬ್’. ನಮಗೆ ಗರೀಬನೆಂದರೆ ಬಡವ. ಅರಬ್ಬಿಯಲ್ಲಿ ‘ಗರೀಬ್’ ಎಂದರೆ ಅಪರಿಚಿತ, ಪರನಾಡಿನವ. ಪರದೇಶದಿಂದ ಬಂದವನನ್ನು ಹೇಳುವ ಕನ್ನಡದ ‘ಪರದೇಶಿ’ ಪದವೂ ದಿಕ್ಕಿಲ್ಲದ ಬಡವನ ಹೆಸರಾಯಿತಲ್ಲವೇ? ತನ್ನವರಿಲ್ಲದ ಊರಿನಲ್ಲಿ ಯಾರೇ ಆದರೂ ಬಡವರೇ ಎಂದು ಎರಡೂ ಭಾಷೆಗಳ ಜನ ಕಂಡುಕೊಂಡಿದ್ದರು. ಕೈರೋದ ಬಾಡಿಗೆ ಕೋಣೆಯ ಮೊದಲ ರಾತ್ರಿ ಈ ಎರಡೂ ಪದಗಳ ಅರ್ಥ ಒಟ್ಟಿಗೇ ತಿಳಿಯುತ್ತದೆ.

ಬಲ್ಲಾಳನ ಕೊನೆ, ಬೊಮ್ಮನ ಹೆಸರು

ಹೊಯ್ಸಳರ ಮೂರನೆಯ ವೀರಬಲ್ಲಾಳ ಹೇಗೆ ಸತ್ತ? ಹಳೇಬೀಡಿನ ಗೋಡೆಗಳು ಇದನ್ನು ಹೇಳುವುದಿಲ್ಲ. ಹೇಳುವುದು ಒಂದು ಅರಬ್ಬಿ ಪುಸ್ತಕ. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 14ನೇ ಶತಮಾನದಲ್ಲಿ ಮಧುರೆಗೆ ಹೋಗಿದ್ದ. ಎಂಬತ್ತು ವರ್ಷದ ಬಲ್ಲಾಳ ಮಧುರೆಯ ಸುಲ್ತಾನನೊಡನೆ ಹೋರಾಡಿ ಸೆರೆಸಿಕ್ಕಿದ್ದು, ಕೊಲೆಯಾದದ್ದು, ಆತನ ಚರ್ಮಕ್ಕೆ ಒಣಹುಲ್ಲು ತುಂಬಿ ಕೋಟೆ ಗೋಡೆಗೆ ತೂಗುಹಾಕಿದ್ದನ್ನು ತಾನೇ ಕಂಡದ್ದು, ಎಲ್ಲವನ್ನೂ ಆತ ಬರೆದಿಟ್ಟಿದ್ದಾನೆ. ಬಲ್ಲಾಳನ ಸೇನೆಯಲ್ಲಿ ಮುಸ್ಲಿಂ ಯೋಧರೂ ಇದ್ದರೆಂದು ಹೇಳಿದವನೂ ಅವನೇ. ನಮ್ಮ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಎಣಿಸಿ ಬರೆದವನೂ ಅವನೇ.

ಇನ್ನೊಂದು ಕಥೆ ಇನ್ನೂ ಹತ್ತಿರದ್ದು. ಟ್ಯುನಿಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಸುಮಾರು 1132ರಿಂದ 1149ರವರೆಗೆ ಮಂಗಳೂರಿನಲ್ಲಿದ್ದ. ಘಟ್ಟದ ಮೇಲೆ ವಿಷ್ಣುವರ್ಧನ ಆಳುತ್ತಿದ್ದ ಕಾಲ. ಬೆನ್ ಯಿಜು ಏಡನ್‌ಗೆ ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅಲ್ಲಿಂದ ಕಾಗದ, ಸಕ್ಕರೆ ತರಿಸಿಕೊಳ್ಳುತ್ತಿದ್ದ. ಅವನ ಪತ್ರಗಳು ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯಲ್ಲಿದ್ದು, ಕೈರೋದ ಹಳೆಯ ಸಿನಗಾಗಿನ ಕಾಗದದ ರಾಶಿಯಲ್ಲಿ ಉಳಿದುಕೊಂಡಿದ್ದವು. ಅವುಗಳಲ್ಲಿ ಅವನ ಆಳೊಬ್ಬನ ಹೆಸರೂ ಬರುತ್ತದೆ.

ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಅಮಿತಾವ್ ಘೋಷ್ 1978ರಲ್ಲಿ ಆ ಆಳಿನ ಉಲ್ಲೇಖವನ್ನು ಕಂಡರು. ಕೆಲವು ತಿಂಗಳಲ್ಲೇ ಟ್ಯುನಿಸಿಯಾಕ್ಕೆ ಹೋಗಿ ಅರಬ್ಬಿ ಕಲಿತರು. 1980ರಲ್ಲಿ ಈಜಿಪ್ಟಿನ ಹಳ್ಳಿಯೊಂದರಲ್ಲಿ ನೆಲೆಸಿ ರೈತರ ಆಡುಮಾತು ಕಲಿತರು. ಆ ಹಳ್ಳಿಯ ಮಾತು ಎಂಟು ಶತಮಾನ ಹಿಂದಿನ ಆ ಪತ್ರಗಳ ಭಾಷೆಗೆ ಹತ್ತಿರವಾಗಿತ್ತು. ಗದ್ದೆಯ ಬದುವಿನಲ್ಲಿ ಕಲಿತದ್ದು ಗ್ರಂಥಾಲಯದಲ್ಲಿ ಕೈಹಿಡಿಯಿತು. ಕೊನೆಗೆ ಅವರು ಮಂಗಳೂರಿಗೇ ಬಂದು, ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವಿನಿಂದ ಆ ಹೆಸರನ್ನು ಗುರುತಿಸಿದರು. ಅರಬ್ಬಿ ಪತ್ರದಲ್ಲಿ ಅಡಗಿ ಕುಳಿತಿದ್ದವನು ನಮ್ಮ ‘ಬೊಮ್ಮ’. ಈ ಹುಡುಕಾಟದ ಕಥೆ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಎಂಬ ಹೆಸರಿನಲ್ಲಿ 1992ರಲ್ಲಿ ಪುಸ್ತಕವಾಯಿತು.

ಅರಬ್ಬಿಯನ್ನೂ ಕನ್ನಡವನ್ನೂ ಒಟ್ಟಿಗೆ ಬಲ್ಲವರು ಬೇಕು ಎನ್ನುವುದು ಇದಕ್ಕೇ. ನಮ್ಮ ಅರಸನ ಸಾವು, ನಮ್ಮ ಬೊಮ್ಮನ ಬದುಕು ಆ ಭಾಷೆಯಲ್ಲಿವೆ. ಅವನ್ನು ಇಂಗ್ಲಿಷಿನ ಮೂಲಕ ತಿಳಿದದ್ದೇ ಹೆಚ್ಚು. ಮೂಲದಿಂದ ನೇರವಾಗಿ ಕನ್ನಡಕ್ಕೆ ತರುವ ಕೈಗಳು ಇನ್ನೂ ಸಾಲದು.

ಹೊರಡುವ ಮುನ್ನ, ಮರಳಿದ ಮೇಲೆ

ಹೋಗಬೇಕೆನ್ನುವ ವಿದ್ಯಾರ್ಥಿ ಒಂದು ವರ್ಷ ಮೊದಲೇ ತಯಾರಾಗುವುದು ಒಳ್ಳೆಯದು. ಪಾಸ್‌ಪೋರ್ಟಿನಲ್ಲಿಯೂ ಅಂಕಪಟ್ಟಿಯಲ್ಲಿಯೂ ಹೆಸರಿನ ಅಕ್ಷರಗಳು ಒಂದೇ ರೀತಿ ಇರಬೇಕು. ಸಣ್ಣ ವ್ಯತ್ಯಾಸಕ್ಕೂ ತಿಂಗಳುಗಟ್ಟಲೆ ಅಲೆದಾಟವಾಗುತ್ತದೆ. ಪ್ರಮಾಣಪತ್ರಗಳಿಗೆ ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕು. ಕೆಲವು ದೇಶಗಳಿಗೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಸರ್ಕಾರಿ ವಿದ್ಯಾರ್ಥಿವೇತನ ಕೊಡುವ ಹಲವು ಸಂಸ್ಥೆಗಳು ಅರ್ಜಿಯನ್ನು ನೇರವಾಗಿ ಸ್ವೀಕರಿಸುತ್ತವೆ. ನಡುವೆ ನಿಂತು ಹಣ ಕೇಳುವವರ ಮಾತಿಗೆ ಮರುಳಾಗಬಾರದು. ಲಿಪಿ ಮತ್ತು ಮೊದಲ ಐನೂರು ಪದಗಳನ್ನು ಇಲ್ಲೇ ಕಲಿತು ಹೋದರೆ ಅಲ್ಲಿನ ಮೊದಲ ತಿಂಗಳುಗಳು ಸುಸೂತ್ರವಾಗುತ್ತವೆ.

ಮರಳಿ ಬಂದವರಿಗೆ ಕೆಲಸದ ದಾರಿಗಳೂ ಇವೆ. ಒಮಾನ್, ಯೆಮನ್, ಇರಾಕ್‌ಗಳಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ರೋಗಿಗಳು ಬರುತ್ತಾರೆ. ಎದೆನೋವು ಎಲ್ಲಿ, ಯಾವಾಗಿನಿಂದ ಎಂದು ಅವರ ಮಾತಿನಲ್ಲಿ ಕೇಳಿ ವೈದ್ಯರಿಗೆ ತಿಳಿಸುವ ದುಭಾಷಿ ಅಲ್ಲಿ ಬೇಕೇ ಬೇಕು. ಅನುವಾದ, ಕೊಲ್ಲಿ ದೇಶಗಳ ವ್ಯಾಪಾರ, ಅಧ್ಯಾಪನಗಳಿವೆ. ಭಾರತೀಯ ವಿದೇಶಾಂಗ ಸೇವೆಗೆ ಆಯ್ಕೆಯಾದ ಅಧಿಕಾರಿಗಳು ಕಡ್ಡಾಯವಾಗಿ ಕಲಿಯಬೇಕಾದ ವಿದೇಶಿ ಭಾಷೆಗಳ ಪಟ್ಟಿಯಲ್ಲಿ ಅರಬ್ಬಿಯೂ ಇದೆ.

ಆದರೆ ಕೆಲಸಕ್ಕಿಂತ ಮೊದಲು ನೆನಪಾಗುವುದು ಬೇಲೂರಿನ ಆ ಚೈತ್ರದ ಬೆಳಗು. ತೇರಿನ ಬಳಿ ನಿಂತ ಅಜ್ಜಿಯೊಬ್ಬರು ಪಕ್ಕದವರನ್ನು “ಅವರು ಏನಂದ್ರಪ್ಪಾ?” ಎಂದು ಕೇಳುತ್ತಾರೆ. ಓದಿ ಮರಳಿದ ಹುಡುಗನೋ ಹುಡುಗಿಯೋ ಅಲ್ಲಿದ್ದು, ಸಾಲು ಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅಷ್ಟು ದೂರ ಹೋಗಿ ಕಲಿತದ್ದು ಊರಿಗೆ ಸಂದಂತೆ. ಅಷ್ಟು ಹೊತ್ತಿಗೆ ತೇರು ಹೊರಟಿರುತ್ತದೆ. ಅಜ್ಜಿ ಕೈಯಲ್ಲಿದ್ದ ದವನ ಎಸೆದು ಕೈಮುಗಿಯುತ್ತಾರೆ.